ಹಾಡು ಶುರುವಾಗುವ ಮುಂಚೆ

"ಸರ್, ಇದನ್ನೊಂದು ಕೇಳಿ," ಎಂದು ಲಿಖಿತಾ ಲ್ಯಾಪ್‌ಟಾಪನ್ನು ಟೀಪಾಯಿಯ ಮೇಲೆ ಅವರ ಕಡೆಗೆ ತಿರುಗಿಸಿದಳು.

ಟಕ್, ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್. ಆಮೇಲೆ ತಂಬೂರಿ.

ಲಕ್ಷ್ಮೀಕಾಂತ ಮೇಷ್ಟ್ರು ಬಾಯಿಯ ತನಕ ಒಯ್ದಿದ್ದ ಕಾಫಿ ಲೋಟವನ್ನು ಕುಡಿಯದೆ ಕೆಳಗಿಟ್ಟರು. ಆ ಸದ್ದು ಅವರಿಗೆ ಹೊಸದಲ್ಲ, ನಲವತ್ತು ವರ್ಷದ ಪರಿಚಯ. ಆದರೆ ಅದು ಹೀಗೆ ಹಾಡಹಗಲು, ಶಿವಮೊಗ್ಗದ ವಿದ್ಯಾನಗರದ ತಮ್ಮ ಮನೆಯ ಹಜಾರದಲ್ಲಿ, ಪ್ರಶ್ನೆ ಕೇಳುವವರ ಕೈಯಿಂದ ಬಂದದ್ದು ಇದೇ ಮೊದಲು.

"ನೀವು ಕೊಟ್ಟ ಹತ್ತು ರೆಕಾರ್ಡಿಂಗಲ್ಲೂ ಶುರುವಿನಲ್ಲಿ ಇದೇ ಇದೆ ಸರ್. ಮೈಕ್ ಸರಿ ಇದ್ಯಾ ಅಂತ ನೋಡಕ್ಕೆ ಉಂಗುರದಲ್ಲಿ ತಟ್ತಿದ್ದೆ ಅಂತ ನೀವೇ ಹೇಳಿದ್ರಲ್ಲ. ಆದ್ರೆ ಇದು ನೀವು ಕೊಟ್ಟಿದ್ದಲ್ಲ. ಹೋದ ವಾರ ಸವಳಂಗ ರಸ್ತೆಲಿ ಒಬ್ಬರ ಮನೇಲಿ ಸಿಕ್ತು. ಎಂಬತ್ನಾಲ್ಕನೇ ಇಸವಿ ಮೇ ತಿಂಗಳು, ಅವರ ಗೃಹಪ್ರವೇಶದ ದಿನದ್ದು. ತಟ್ಟೋದಕ್ಕೆ ಮುಂಚಿನ ಟೇಪು ಹಾಳಾಗಿದೆ, ಏನೂ ಕೇಳಲ್ಲ. ಅವಾಗ ನೀವು ಮೈಸೂರಲ್ಲಿ ಟ್ರೈನಿಂಗಲ್ಲಿದ್ರಿ."

"ಹೌದು, ಮೈಸೂರಲ್ಲಿದ್ದೆ."

"ಹಾಗಾದ್ರೆ ಇಲ್ಲಿ ತಟ್ಟಿದ್ದು ಯಾರು ಸರ್?"

ಪಕ್ಕದಲ್ಲಿ ಕೂತಿದ್ದ ಗುರುಪ್ರಸಾದ್ ನೋಟ್‌ಬುಕ್ ತೆರೆದು ಪೆನ್ನಿನ ಕ್ಯಾಪು ತೆಗೆದರು. ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಮನುಷ್ಯ. ಯಾವ ಮಾತನ್ನೂ ಬರೆದುಕೊಳ್ಳದೆ ಬಿಡುವವರಲ್ಲ.

ಇವರಿಬ್ಬರೂ ವಿಶ್ವಾರಾಧ್ಯ ಗವಾಯಿಗಳ ಅಭಿಮಾನಿಗಳು. ಗವಾಯಿಗಳು ತೀರಿಕೊಂಡು ಮೂವತ್ತು ವರ್ಷದ ಮೇಲಾಗಿದೆ. ಬದುಕಿದ್ದಷ್ಟು ದಿನ ಅವರು ರೇಡಿಯೋ ಸ್ಟೇಷನ್ನಿನ ಮೆಟ್ಟಿಲು ಹತ್ತಲಿಲ್ಲ, ಯಾವ ಕಂಪನಿಗೂ ಹಾಡಿಕೊಡಲಿಲ್ಲ. ಎದುರಿಗೆ ಕೂತವರಿಗೆ ಮಾತ್ರ ಹಾಡುತ್ತೇನೆ, ಡಬ್ಬಿಗಲ್ಲ ಎನ್ನುವ ಹಟ. ಭದ್ರಾವತಿಯಲ್ಲಿದ್ದ ತಂಗಿಯ ಮನೆಗೆ ಬಂದಾಗಲೆಲ್ಲ ಅವರಿವರ ಮನೆಯಲ್ಲಿ ಹಾಡಿದ್ದು, ಮೂಲೆಯಲ್ಲಿ ಟೇಪ್ ರೆಕಾರ್ಡರ್ ತಿರುಗುತ್ತಿದ್ದುದನ್ನು ಕಂಡೂ ಕಾಣದ ಹಾಗೆ ಬಿಟ್ಟದ್ದು, ಅಷ್ಟೇ ಈಗ ಉಳಿದಿರುವುದು. ಅದನ್ನು ಕೇಳಿ ಕೇಳಿ ಹುಚ್ಚು ಹಿಡಿಸಿಕೊಂಡ ಅರವತ್ತೆಪ್ಪತ್ತು ಜನ ಸೇರಿ ವಾಟ್ಸಾಪಿನಲ್ಲಿ 'ಗವಾಯಿ ಬಳಗ' ಕಟ್ಟಿಕೊಂಡಿದ್ದಾರೆ. ಯಾವ ಹಾಡು, ಯಾವ ದಿನ, ಯಾರ ಮನೆ, ತಬಲಾ ಯಾರದು ಎಂದು ಪಟ್ಟಿ ಮಾಡುವುದೇ ಅವರ ಕೆಲಸ. ಹಿಂದೆ ಕೇಳುವ ಕಾರ್ಖಾನೆಯ ಸೈರನ್ನಿನಿಂದ ಹೊತ್ತು ಹೇಳುತ್ತಾರೆ, ರೈಲಿನ ಕೂಗಿನಿಂದ ಬೀದಿ ಹೇಳುತ್ತಾರೆ. ಒಂದು ಕುಕ್ಕರಿನ ಸೀಟಿಯ ಮೇಲೆ ಮೂರು ದಿನ ವಾದ ನಡೆದಿತ್ತು.

ಇಷ್ಟು ದಿನ ಇದೆಲ್ಲ ಮೇಷ್ಟ್ರಿಗೆ ಬಹಳ ಖುಷಿ ಕೊಟ್ಟಿತ್ತು. ಈಗ ಅದೇ ಕಿವಿಗಳು ಅವರ ಕಡೆಗೇ ತಿರುಗಿದ್ದವು.

"ಅದು ನಾಗಯ್ಯ ಇರ್ಬಹುದು," ಎಂದುಬಿಟ್ಟರು. ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದನ್ನು ಮುಚ್ಚಲು ಇನ್ನೊಂದು ಮಾತು ಸೇರಿಸಿದರು. "ನನ್ನ ನೋಡಿ ಕಲ್ತಿದ್ದ."

"ನಾಗಯ್ಯ ಯಾರು ಸರ್?" ಗುರುಪ್ರಸಾದ್ ಪೆನ್ನು ಎತ್ತಿದರು. "ಇಷ್ಟು ವರ್ಷದಲ್ಲಿ ಈ ಹೆಸರು ನೀವು ಹೇಳೇ ಇಲ್ವಲ್ಲ."

"ಹೀಗೇ... ಭದ್ರಾವತಿಲಿ ಎಲೆಕ್ಟ್ರಿಷಿಯನ್ ಇದ್ದ. ವೈರು ಗಿಯರು ಎಳೆದುಕೊಡ್ತಿದ್ದ. ಈಗಿಲ್ಲ, ತೀರ್ಕೊಂಡ."

"ಒಂದ್ಸಲ ತಟ್ಟಿ ತೋರಿಸ್ತೀರಾ ಸರ್? ವಿಡಿಯೋ ಮಾಡ್ಕೋತೀನಿ, ಪುಸ್ತಕ ಬಿಡುಗಡೆ ದಿನ ಹಾಕೋಣ," ಎಂದು ಲಿಖಿತಾ ಆಗಲೇ ಫೋನ್ ಹಿಡಿದಿದ್ದಳು. ಮೇಷ್ಟ್ರು ಉಂಗುರದ ಬೆರಳನ್ನು ಲೋಟಕ್ಕೆ ತಟ್ಟಿದರು. ಟಿಂಗ್ ಟಿಂಗ್ ಟಿಂಗ್ ಎಂದಿತು. ನಡುವೆ ಬಿಡುವು ಕೊಡುವುದೇ ಮರೆತುಹೋಯಿತು. ಲಿಖಿತಾ ತಲೆ ಓರೆ ಮಾಡಿ ಕೇಳಿದಳು. "ಟೇಪಲ್ಲಿ ಸದ್ದು ಬೇರೆ ಥರ ಇದೆ ಅಲ್ವಾ? ಪ್ಲಾಸ್ಟಿಕ್ಕೋ ಮರವೋ ತಟ್ಟಿದ ಹಾಗೆ," ಎಂದಳು. ಅವಳ ಮುಖದಲ್ಲಿ ಅನುಮಾನವೇನೂ ಇರಲಿಲ್ಲ, ಕುತೂಹಲವಷ್ಟೇ. ಮೇಷ್ಟ್ರಿಗೆ ಆ ಕುತೂಹಲವೇ ಭಯ ಹುಟ್ಟಿಸಿತು. ಅನುಮಾನಪಡುವವರನ್ನು ಬೈದು ಕಳಿಸಬಹುದು.

ಹೋಗುವಾಗ ಗುರುಪ್ರಸಾದ್ ಚೀಲದಿಂದ, ಗವಾಯಿಗಳ ಬಗ್ಗೆ ಬಳಗ ತರುತ್ತಿದ್ದ ಪುಸ್ತಕದ ಪ್ರೂಫು ತೆಗೆದು ಕೊಟ್ಟರು. ಮುಖಪುಟದಲ್ಲಿ ಗವಾಯಿಗಳ ಹೆಸರಿನ ಕೆಳಗೇ ಇತ್ತು: ಧ್ವನಿಮುದ್ರಣ, ಎಲ್. ಲಕ್ಷ್ಮೀಕಾಂತ. "ಸೋಮವಾರ ಪ್ರೆಸ್ಸಿಗೆ ಕೊಡ್ತೀವಿ ಸರ್. ಒಂದ್ಸಲ ಕಣ್ಣಾಡಿಸಿ," ಎಂದರು.

ಸಂಜೆಯೊಳಗೆ ಬಳಗದಲ್ಲಿ ಸಂದೇಶ ಬಂತು. ನಾಗಯ್ಯನ ಹೆಂಡತಿ ಸತ್ಯಭಾಮಮ್ಮ ಇನ್ನೂ ಭದ್ರಾವತಿಯ ಜನ್ನಾಪುರದ ಮನೆಯಲ್ಲೇ ಇದ್ದಾರೆ, ಅವರ ಹತ್ತಿರ ಗವಾಯಿಗಳ ಒಂದು ಕ್ಯಾಸೆಟ್ ಇದೆಯಂತೆ, ಭಾನುವಾರ ಹೋಗೋಣ, ಲಕ್ಷ್ಮೀಕಾಂತ ಸರ್ ಕೂಡ ಬರುತ್ತಾರೆ. ಕೆಳಗೆ ನಲವತ್ತು ಜನ ಕೈಮುಗಿದಿದ್ದರು.

ಮೇಷ್ಟ್ರಿಗೆ ರಾತ್ರಿ ಊಟ ಸೇರಲಿಲ್ಲ.

ಅವರು ಹುಟ್ಟಾ ಸುಳ್ಳುಗಾರರೇನಲ್ಲ. ಭದ್ರಾವತಿಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ನಾಗಯ್ಯ ಅವರ ಜೀವದ ಗೆಳೆಯ. ಟೇಪ್ ರೆಕಾರ್ಡರ್ ನಾಗಯ್ಯನದು, ಕ್ಯಾಸೆಟ್ ಅವನದು, ಕಿವಿಯೂ ಅವನದೇ. ಮೈಕನ್ನು ಎಲ್ಲಿಟ್ಟರೆ ತಂಬೂರಿಯೂ ಕೇಳಿ ಉಸಿರೂ ಕೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಮೇಷ್ಟ್ರು ಪಕ್ಕದಲ್ಲಿ ಕೂತು ತಲೆದೂಗುತ್ತಿದ್ದರು. ನಾಗಯ್ಯನಿಗೊಂದು ಅಭ್ಯಾಸವಿತ್ತು. ರೆಕಾರ್ಡಿಂಗ್ ಶುರುವಾಗುವ ಮುಂಚೆ ಊರು, ತಾರೀಕು, ಹಾಡುವವರ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳಿ, ಕೊನೆಗೆ ತನ್ನ ಹೆಸರೂ ಹೇಳಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೈಕಿಗೆ ಮೂರು ಸಲ ತಟ್ಟುತ್ತಿದ್ದ. ತೊಂಬತ್ತಾರರಲ್ಲಿ ಕಾಯಿಲೆ ಬಿದ್ದಾಗ ಹತ್ತು ಕ್ಯಾಸೆಟ್ಟುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿ, "ನಿಮ್ಮ ಹತ್ರ ಇರ್ಲಿ ಮೇಷ್ಟ್ರೇ, ನಮ್ಮನೇಲಿ ಸೋರತ್ತೆ," ಎಂದು ಕಳಿಸಿದ್ದ. ಒಂದನ್ನು ಮಾತ್ರ ಮನೆಯಲ್ಲಿಟ್ಟುಕೊಂಡಿದ್ದ.

ಹದಿನೈದು ವರ್ಷದ ಹಿಂದೆ ಪತ್ರಿಕೆಯವನೊಬ್ಬ ಬಂದು ಹಾಡು ಕೇಳಿ ದಂಗಾಗಿ, ಮೇಷ್ಟ್ರು ತಾವೇ ರೆಕಾರ್ಡ್ ಮಾಡಿದ್ದೆಂದು ತಿಳಿದು ಬರೆದುಬಿಟ್ಟ. ತಿದ್ದಬೇಕಿತ್ತು. ನಾಳೆ ತಿದ್ದೋಣ ಎಂದುಕೊಂಡರು. ಅಷ್ಟರಲ್ಲಿ ಫೋನುಗಳು ಬಂದವು, ಸನ್ಮಾನವಾಯಿತು, ಎಲ್ಲಿಗೆ ಹೋದರೂ ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತು. ಮೂವತ್ತೈದು ವರ್ಷ ಪಾಠ ಹೇಳಿದ್ದಕ್ಕೆ ಸಿಗದ ಮರ್ಯಾದೆ ಅದು. ಎರಡನೆಯ ಸಲ ಯಾರೋ ಕೇಳಿದಾಗ ಹೌದೆಂದು ಅವರೇ ಹೇಳಿದರು. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಿಸಲು ಸ್ಟುಡಿಯೋಗೆ ಕೊಟ್ಟಾಗ, "ಶುರುವಿನ ಮಾತೆಲ್ಲ ತೆಗೆದುಬಿಡಿ, ಬರೀ ಗಲಾಟೆ," ಎಂದು ಹೇಳಿ, ಅದನ್ನು ಕೇಳಿಸಿಕೊಳ್ಳಲಾರದೆ ಹೊರಗೆ ಬೀದಿಯಲ್ಲಿ ನಿಂತಿದ್ದರು. ಸ್ಟುಡಿಯೋದವನು ಮಾತು ಕತ್ತರಿಸಿದ. ತಟ್ಟಿದ ಸದ್ದು ಹಾಡಿನದೇ ಇರಬೇಕೆಂದು ಹಾಗೇ ಬಿಟ್ಟ.

ಡಬ್ಬಿ ಅವರ ಅಟ್ಟದ ಮೇಲೇ ಇತ್ತು. ಅದರ ಸುದ್ದಿ ಅವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಆದರೆ ಜನ್ನಾಪುರದ ಮನೆಯಲ್ಲಿರುವ ಆ ಹನ್ನೊಂದನೆಯ ಕ್ಯಾಸೆಟ್ಟಿನಲ್ಲಿ ನಾಗಯ್ಯ ತನ್ನ ಹೆಸರು ಹೇಳುತ್ತಾನೆ. ಭಾನುವಾರ ಅದನ್ನು ಅರವತ್ತು ಜನಕ್ಕೂ ಕೇಳಿಸುತ್ತಾನೆ.

ಶನಿವಾರ ಮಧ್ಯಾಹ್ನ ಸ್ನೇಹಿತರೊಬ್ಬರಿಗೆ ಹುಷಾರಿಲ್ಲವೆಂದು ಹೆಂಡತಿ ಸರಸ್ವತಮ್ಮನಿಗೆ ಹೇಳಿ ಮೇಷ್ಟ್ರು ಭದ್ರಾವತಿಯ ಬಸ್ಸು ಹತ್ತಿದರು. ಆ ಕ್ಯಾಸೆಟ್ಟನ್ನು ಹೇಗಾದರೂ ಕೇಳಿ ಇಸಿದುಕೊಂಡು ಬರಬೇಕು. ಕೊಡದಿದ್ದರೆ ಏನು ಮಾಡಬೇಕೆಂದು ಯೋಚಿಸಿದರು. ಆ ಯೋಚನೆ ಹೋದ ದಾರಿ ನೋಡಿ ತಮಗೇ ಅಸಹ್ಯವಾಗಿ, ಕಿಟಕಿಯಾಚೆ ಮುಖ ತಿರುಗಿಸಿದರು.

"ಅಯ್ಯೋ, ಮೇಷ್ಟ್ರು! ದಾರಿ ತಪ್ಪಿ ಬಂದ್ರಾ?" ಎಂದು ಸತ್ಯಭಾಮಮ್ಮ ಬಾಗಿಲಲ್ಲೇ ನಕ್ಕರು. ಎಪ್ಪತ್ತು ದಾಟಿದ ಸಣ್ಣ ಜೀವ, ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. "ಸಂಧ್ಯಾ, ನೋಡೇ ಯಾರ್ ಬಂದಿದಾರೆ. ನಿಮ್ಮಪ್ಪನ ಮೇಷ್ಟ್ರು."

ಮಗಳು ಸಂಧ್ಯಾ ಅಡುಗೆಮನೆಯಿಂದ ಬಂದು ನಮಸ್ಕಾರ ಮಾಡಿದಳು. ನಗಲಿಲ್ಲ. ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿಗೆ ಹೊರಟು ನಿಂತಿದ್ದಳು.

ಗೋಡೆಯ ಹಲಗೆಯ ಮೇಲೆ ನಾಗಯ್ಯನ ಟೇಪ್ ರೆಕಾರ್ಡರ್ ಇತ್ತು. ಹೋದ ವಾರದ ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ಅದರ ಮೇಲಿತ್ತು, ಚೆಂಡುಹೂವು ಬಾಡಿತ್ತು. ಪಕ್ಕದಲ್ಲಿ ಹಳದಿ ಹಿಡಿಯ ಸ್ಕ್ರೂಡ್ರೈವರ್. ಅದಕ್ಕೂ ಕುಂಕುಮದ ಬೊಟ್ಟು. ಮೇಷ್ಟ್ರ ಕಣ್ಣು ಅದರ ಮೇಲಿಂದ ಜರುಗಲಿಲ್ಲ.

"ನಾಳೆ ಯಾರೋ ಬರ್ತಾರಂತಲ್ಲ ಮೇಷ್ಟ್ರೇ, ಕ್ಯಾಸೆಟ್ ಕೇಳಕ್ಕೆ. ನಂಗೆ ಅದೇ ಚಿಂತೆ. ಏನ್ ತೋರಿಸ್ಲಿ ಅವರಿಗೆ?"

"ಯಾಕೆ?"

"ಹರ್ದೋಯ್ತು." ಅವರು ದನಿ ಇಳಿಸಿದರು, ಮನೆಯಲ್ಲಿ ಯಾರಿಗೋ ಹುಷಾರಿಲ್ಲದಂತೆ. "ಪ್ರತಿ ಆಯುಧಪೂಜೆಗೆ ಮಿಷಿನ್ನಿಗೆ ಪೂಜೆ ಮಾಡಿ ಒಂದ್ಸಲ ಹಾಕ್ತೀನಿ. ಇವರು ಮಾತಾಡ್ತಾರಲ್ಲ, ಅಷ್ಟೇ ಕೇಳೋದು. ಆಮೇಲೆ ಟಕ್ ಟಕ್ ಅಂತ ತಟ್ತಾರೆ. ತಂಬೂರಿ ಬರೋ ಮುಂಚೆ ನಿಲ್ಲಿಸಿ ಹಿಂದಕ್ಕೆ ಸುತ್ತಿಬಿಡ್ತೀನಿ. ಹಾಡು ಎಲ್ಲಾ ಕಡೆ ಸಿಗತ್ತೆ. ಇವರ ಮಾತು ಎಲ್ಲಿ ಸಿಗತ್ತೆ ಹೇಳಿ? ಈ ಸಲ ಗುಂಡಿ ಒತ್ತಿದ ತಕ್ಷಣ ಒಳಗಡೆ ಸಿಕ್ಕಾಕೊಂಡು..."

ದೇವರ ಗೂಡಿನಿಂದ ಒಂದು ಹಳೆಯ ಕುಂಕುಮದ ಭರಣಿ ತಂದು ಮುಚ್ಚಳ ತೆಗೆದರು. ಒಳಗೆ ಕಂದು ಬಣ್ಣದ ಟೇಪಿನ ಉಂಡೆ. ಹೆಣೆದುಕೊಂಡು, ಮುದುಡಿ, ಅಲ್ಲಲ್ಲಿ ಬಿಳಿಚಿತ್ತು. ಇಪ್ಪತ್ತೆಂಟು ವರ್ಷ ಅದೇ ಒಂದು ಮೊಳದಷ್ಟು ಟೇಪು ಮುಂದೆ ಹೋಗಿ ಹಿಂದೆ ಬಂದು ಸವೆದಿತ್ತು. ಉಳಿದದ್ದು, ಗವಾಯಿಗಳು ಹಾಡಿದ್ದೆಲ್ಲ, ಕ್ಯಾಸೆಟ್ಟಿನಲ್ಲಿ ಹೊಸದರ ಹಾಗೇ ಇತ್ತು.

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ, ನಾಚಿಕೆಯ ವಿಷಯವಾದರೂ ಹೇಳಿಬಿಡಬೇಕು, ಎದೆಯ ಮೇಲಿನಿಂದ ಬಂಡೆ ಎತ್ತಿದ ಹಾಗಾಯಿತು. ಸಾಕ್ಷಿ ಹೋಯಿತು. ತಾವು ಏನೂ ಮಾಡಬೇಕಾಗಿಯೇ ಇರಲಿಲ್ಲ. ಎರಡು ಉಸಿರಿನ ತನಕ ಅವರು ಸುಖವಾಗಿದ್ದರು.

"ಮೇಷ್ಟ್ರೇ, ಇವರು ನಿಮಗೆ ಹತ್ತು ಕೊಟ್ಟಿದ್ರಲ್ಲ," ಎಂದರು ಸತ್ಯಭಾಮಮ್ಮ. "ಇಷ್ಟು ದಿನ ನಾನು ಕೇಳ್ಲಿಲ್ಲ. ನಂಗೆ ಒಂದು ಸಾಕಾಗಿತ್ತು. ಈಗ ಒಂದು ಕೊಡ್ತೀರಾ? ಯಾವ್ದಾದ್ರೂ ಸರಿ. ಫೋನಲ್ಲಿ ಬರತ್ತಲ್ಲ, ಅದನ್ನ ಸಂಧ್ಯಾ ಹಾಕಿ ತೋರಿಸಿದ್ಲು. ಅದ್ರಲ್ಲಿ ಇವರ ಮಾತೇ ಇಲ್ಲ. ಯಾರೋ ಪುಣ್ಯಾತ್ಮ ಕತ್ತರಿಸಿಬಿಟ್ಟಿದಾನೆ. ಪಾಪ, ಅವನಿಗೇನ್ ಗೊತ್ತು?"

ಮೇಷ್ಟ್ರು ಭರಣಿಯ ಮುಚ್ಚಳವನ್ನು ತಾವೇ ಮುಚ್ಚಿದರು. "ಹುಡುಕ್ತೀನಿ," ಎಂದರು. "ಹಳೇ ಸಾಮಾನು, ಮನೆ ಬದಲಾಯಿಸುವಾಗ ಎಲ್ಲಿ ಹೋಯ್ತೋ ಏನೋ. ಹುಡುಕ್ತೀನಿ."

ಗೇಟಿನ ತನಕ ಸಂಧ್ಯಾ ಬಂದಳು. ಅವರು ಚಪ್ಪಲಿ ಮೆಟ್ಟಿದ ಮೇಲೆ ಹೇಳಿದಳು, "ಫೋನಲ್ಲಿ ಹಾಡಿನ ಕೆಳಗೆ ರೆಕಾರ್ಡ್ ಮಾಡಿದ್ದು ಅಂತ ಇಂಗ್ಲಿಷಲ್ಲಿ ನಿಮ್ಮ ಹೆಸರಿದೆ ಸರ್. ಅಮ್ಮಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ. ನಾನೂ ಹೇಳಿಲ್ಲ."

ಅಷ್ಟು ಹೇಳಿ ಗೇಟಿನ ಚಿಲಕ ಹಾಕಿಕೊಂಡು ಒಳಗೆ ಹೋದಳು. ಬಸ್ಸಿನಲ್ಲಿ ಕೂತ ಮೇಲೂ ಮೇಷ್ಟ್ರ ಕಿವಿಯಲ್ಲಿ ಆ ಚಿಲಕ ಬಿದ್ದ ಸದ್ದೇ ಇತ್ತು. ಸಂಧ್ಯಾ ನಾಳೆ ಬಾಯಿ ಬಿಟ್ಟರೆ? ಬಿಟ್ಟರೂ ಅವಳ ಹತ್ತಿರ ಆಧಾರವೇನಿದೆ? ಡಬ್ಬಿಯೊಂದು ಇಲ್ಲದಿದ್ದರೆ ಅದು ಬರೀ ಮಾತು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಅವರಿಗೆ ಶಿವಮೊಗ್ಗ ಬಂದದ್ದು ತಿಳಿಯಿತು.

ಮನೆಗೆ ಬಂದು ಬಟ್ಟೆಯನ್ನೂ ಬದಲಿಸದೆ ಸ್ಟೂಲು ಎಳೆದು ಅಟ್ಟಕ್ಕೆ ಕೈ ಹಾಕಿದರು. ಸರಸ್ವತಮ್ಮ ಸೊಪ್ಪು ಬಿಡಿಸುತ್ತಿದ್ದವರು ಎದ್ದು ಬಂದು ಸ್ಟೂಲು ಹಿಡಿದುಕೊಂಡರು.

"ಎಪ್ಪತ್ತೆರಡು ವರ್ಷಕ್ಕೆ ಸರ್ಕಸ್ ಬೇಕಾ? ಏನ್ ಬೇಕು ಹೇಳಿ. ನಾಗಯ್ಯನ ಡಬ್ಬಿನಾ? ಎಡಗಡೆ ಇದೆ, ಹಿತ್ತಾಳೆ ಚೊಂಬಿನ ಹಿಂದೆ."

ಮೇಷ್ಟ್ರು ಸ್ಟೂಲಿನ ಮೇಲೆ ಹಾಗೇ ನಿಂತರು. "ನಾಗಯ್ಯಂದು ಅಂತ ನಿಂಗ್ಯಾರ್ ಹೇಳಿದ್ರು?"

"ಅವನು ಕಳಿಸಿದಾಗ ಬಾಗಿಲು ತೆಗೆದು ಇಸ್ಕೊಂಡೋಳು ನಾನೇ ಅಲ್ವೇನ್ರೀ," ಎಂದರು ಸರಸ್ವತಮ್ಮ. "ಪೇಪರಲ್ಲಿ ಬಂದಾಗ ಹೇಳ್ತೀರಿ ಅಂದ್ಕೊಂಡೆ. ನೀವು ಹೇಳ್ಲಿಲ್ಲ, ನಾನ್ ಕೇಳ್ಲಿಲ್ಲ," ಎಂದು ಸೊಪ್ಪಿನ ಹತ್ತಿರ ಹೋಗಿ ಕೂತರು.

ಹದಿನೈದು ವರ್ಷ ಒಂದೇ ಸೂರಿನ ಕೆಳಗೆ ಇವಳಿಗೆ ಗೊತ್ತಿತ್ತು. ಸನ್ಮಾನದ ಶಾಲುಗಳನ್ನು ಇವಳೇ ಮಡಿಸಿ ಬೀರುವಿನಲ್ಲಿಟ್ಟಿದ್ದಳು.

ರೂಮಿನ ಬಾಗಿಲು ಹಾಕಿಕೊಂಡು ಡಬ್ಬಿ ತೆರೆದರು. ಹತ್ತು ಕ್ಯಾಸೆಟ್ಟಿನ ಮೇಲೂ ತಾವೇ ಅಂಟಿಸಿದ್ದ ಬಿಳಿ ಕಾಗದ, ಅದರ ಮೇಲೆ ತಮ್ಮದೇ ದುಂಡು ಅಕ್ಷರ. ಬೆಳಕಿಗೆ ಹಿಡಿದರೆ ಕಾಗದದ ಅಡಿಯಲ್ಲಿ ನಾಗಯ್ಯನ ನೀಲಿ ಇಂಕು ಮಸುಕಾಗಿ ಕಾಣುತ್ತಿತ್ತು. ಒಂದನ್ನು ತೆಗೆದು ತಮ್ಮ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದರು. ರೆಕಾರ್ಡಿನ ಕೆಂಪು ಗುಂಡಿಯನ್ನು ಇಪ್ಪತ್ತು ಸೆಕೆಂಡು ಒತ್ತಿ ಹಿಡಿದರೆ ಸಾಕು, ಮಾತೆಲ್ಲ ಅಳಿಸಿಹೋಗುತ್ತದೆ. ಹತ್ತಕ್ಕೂ ಹಾಗೇ ಮಾಡಿ, ನಾಳೆ ಒಂದನ್ನು ಆಕೆಯ ಕೈಗೆ ಕೊಟ್ಟು, "ನೋಡಿ, ಇದರಲ್ಲೂ ಹಾಳಾಗಿದೆ," ಎನ್ನಬಹುದು. ಯಾರಿಗೂ ಏನೂ ತಿಳಿಯುವುದಿಲ್ಲ. ಇಷ್ಟು ಸುಲಭದ ಕೆಲಸ.

ಒತ್ತಿದರು. ಗುಂಡಿ ಇಳಿಯಲಿಲ್ಲ.

ಕ್ಯಾಸೆಟ್ ಹೊರಗೆ ತೆಗೆದು ನೋಡಿದರು. ಬೆನ್ನಿನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ನಾಗಯ್ಯ ಮುರಿದಿಟ್ಟಿದ್ದ. ಹತ್ತರಲ್ಲೂ ಮುರಿದಿದ್ದ. ಕಿವಿ ಮುರಿದ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಅಪ್ಪಿತಪ್ಪಿ ಯಾರೂ ಅಳಿಸದಿರಲಿ ಎಂದು ಆಗೆಲ್ಲ ಜನ ಹಾಗೆ ಮಾಡುತ್ತಿದ್ದರು. ಆ ತೂತಿನ ಮೇಲೆ ಒಂದು ಚೂರು ಸೆಲ್ಲೋಟೇಪು ಅಂಟಿಸಿದರೆ ಗುಂಡಿ ಇಳಿಯುತ್ತದೆ ಎನ್ನುವುದೂ ಆಗ ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು. ಎದ್ದು ಮೇಜಿನ ಡ್ರಾಯರ್ ಎಳೆದರು. ಸೆಲ್ಲೋಟೇಪು ಮೇಲೇ ಇತ್ತು. ಅದನ್ನು ಕೈಯಲ್ಲಿ ಹಿಡಿದು, ಅದರ ತುದಿಯನ್ನು ಉಗುರಿನಿಂದ ಕೆರೆದು ಹುಡುಕುತ್ತ, ಎಷ್ಟು ಹೊತ್ತು ನಿಂತಿದ್ದರೋ ಅವರಿಗೇ ತಿಳಿಯದು. ತುದಿ ಸಿಗಲಿಲ್ಲ. ಸಿಕ್ಕಿದ್ದರೆ ಅಂಟಿಸುತ್ತಿದ್ದರೇ ಎಂದು ಆಮೇಲೆ ಎಷ್ಟೋ ಸಲ ತಮ್ಮನ್ನು ತಾವೇ ಕೇಳಿಕೊಂಡರು. ಪ್ರತಿ ಸಲವೂ ಬೇಡದ ಉತ್ತರವೇ ಬಂತು.

ಹೊರಗಿನಿಂದ ಸರಸ್ವತಮ್ಮ, "ರೀ, ದೀಪ ಹಚ್ಚೋ ಹೊತ್ತಾಯ್ತು," ಎಂದು ಕೂಗಿದರು.

ಭಾನುವಾರ ಗುರುಪ್ರಸಾದರ ಕಾರಿನಲ್ಲಿ ಮೇಷ್ಟ್ರು ಹಿಂದಿನ ಸೀಟಿನಲ್ಲಿ ಕೂತಿದ್ದರು. ಕಾಲ ಹತ್ತಿರ ಬಟ್ಟೆಯ ಚೀಲ, ಚೀಲದೊಳಗೆ ಡಬ್ಬಿ. ಯಾಕೆ ತಂದರೆಂದು ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. ಮನೆಯಲ್ಲಿ ಬಿಟ್ಟು ಬರಲು ಹೆದರಿಕೆಯಾಗಿತ್ತು, ಅಷ್ಟೇ. ದಾರಿಯಲ್ಲಿ ತಲೆಯ ಮೇಲೆ ಸೋಗಾನೆಯ ಹೊಸ ವಿಮಾನ ನಿಲ್ದಾಣದ ಕಡೆಗೆ ವಿಮಾನವೊಂದು ತಗ್ಗಾಗಿ ಹಾರಿಹೋಯಿತು.

"ಈಗ ಯಾರಾದ್ರೂ ಹಾಡು ರೆಕಾರ್ಡ್ ಮಾಡಿದ್ರೆ ಐವತ್ತು ವರ್ಷ ಆದ್ಮೇಲೆ ಇದೇ ಸಾಕ್ಷಿ," ಎಂದು ಲಿಖಿತಾ ಮುಂದಿನ ಸೀಟಿನಿಂದ ತಿರುಗಿ ನಕ್ಕಳು. "ವಿಮಾನ ಕೇಳ್ತಿದೆ, ಹಾಗಾದ್ರೆ ಇಪ್ಪತ್ಮೂರರ ಆಮೇಲಿಂದು ಅಂತಾರೆ. ಏನ್ ಬಚ್ಚಿಟ್ರೂ ಟೇಪು ಹೇಳಿಬಿಡತ್ತೆ ಅಲ್ವಾ ಸರ್?"

ಮೇಷ್ಟ್ರು ಹೂಂ ಎಂದರು. ಇವಳಿಗೆ ಎಲ್ಲ ಗೊತ್ತಾಗಿ ಆಟ ಆಡಿಸುತ್ತಿದ್ದಾಳೆಯೇ ಎಂದು ಒಂದು ಕ್ಷಣ ಅನ್ನಿಸಿ, ಕಾಲಿನಿಂದ ಚೀಲವನ್ನು ಸೀಟಿನ ಕೆಳಗೆ ಸರಿಸಿದರು. ಅವಳು ಆಗಲೇ ಮುಂದೆ ತಿರುಗಿ ಗವಾಯಿಗಳ ಮಾರ್ವಾ ರಾಗ ಗುನುಗತೊಡಗಿದ್ದಳು.

ಸತ್ಯಭಾಮಮ್ಮ ಚಾಪೆ ಹಾಸಿ, ಉಪ್ಪಿಟ್ಟು ಮಾಡಿ ಕಾದಿದ್ದರು. ಲಿಖಿತಾ ಒಳಗೆ ಬಂದವಳೇ ಹಲಗೆಯ ಮುಂದೆ ಮಂಡಿಯೂರಿ ಕೂತಳು. "ಇದು ಯಾಕಮ್ಮ ಸ್ಕ್ರೂಡ್ರೈವರ್ ಇಲ್ಲಿಟ್ಟಿದೀರಾ?"

"ಅದಿಲ್ದೆ ಇವರ ಕೆಲಸ ನಡೀತಾನೇ ಇರ್ಲಿಲ್ವಲ್ಲ. ಹಾಡಿಗೆ ಮುಂಚೆ ಅದ್ರಲ್ಲೇ ಮೈಕಿಗೆ ತಟ್ಟೋರು."

ಲಿಖಿತಾಳ ಕೈ ಸ್ಕ್ರೂಡ್ರೈವರಿನ ಹತ್ತಿರ ಹೋಗಿ ನಿಂತಿತು. ಅವಳು ಮೇಷ್ಟ್ರ ಕಡೆ ನೋಡಿದಳೋ ಇಲ್ಲವೋ ಅವರಿಗೆ ತಿಳಿಯಲಿಲ್ಲ. ಅವರು ಚಾಪೆಯ ಅಂಚಿನ ದಾರ ಕೀಳುತ್ತಿದ್ದರು. ಗುರುಪ್ರಸಾದ್ ಮೇಷ್ಟ್ರು ಬೆಳಿಗ್ಗೆ ಹಿಂತಿರುಗಿಸಿದ್ದ, ತೊಡೆಯ ಮೇಲಿನ ಪ್ರೂಫನ್ನು ಒಮ್ಮೆ ನೋಡಿ, ಬರೆಯುವುದನ್ನು ನಿಲ್ಲಿಸಿದರು. ಅಡುಗೆಮನೆಯ ಬಾಗಿಲಿಗೆ ಸಂಧ್ಯಾ ಒರಗಿ ನಿಂತಿದ್ದಳು.

ಇನ್ನೂ ಏನೂ ಆಗಿಲ್ಲ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಸ್ಕ್ರೂಡ್ರೈವರಿಗೊಂದು ಕಥೆ ಕಟ್ಟಬಹುದು. ಅದು ನನ್ನದೇ, ಮರೆತು ಬಿಟ್ಟುಹೋಗಿದ್ದೆ ಎನ್ನಬಹುದು. ಆ ಮುದುಕಿ ಎದುರಾಡುವುದಿಲ್ಲ. ಗೆಳೆಯನ ಹೆಂಡತಿ, ಇಷ್ಟು ವರ್ಷದ ಮೇಲೆ ಮನೆಗೆ ಬಂದ ಮೇಷ್ಟ್ರ ಮಾತನ್ನು ನಾಲ್ಕು ಜನರ ಎದುರು ತೆಗೆದುಹಾಕುವವರಲ್ಲ.

"ಸಿಕ್ತಾ ಮೇಷ್ಟ್ರೇ?" ಎಂದರು ಸತ್ಯಭಾಮಮ್ಮ.

"ಏನು ಸಿಗ್ಬೇಕಿತ್ತು ಸರ್?" ಗುರುಪ್ರಸಾದ್ ಕೇಳಿದರು.

ಮೇಷ್ಟ್ರು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು. ಇಲ್ಲ ಎನ್ನಬೇಕು. ಎರಡೇ ಅಕ್ಷರ. ಸತ್ಯಭಾಮಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಅವರ ಮಡಿಲಿನಲ್ಲಿ ಕುಂಕುಮದ ಭರಣಿ ಇತ್ತು.

"ಸಿಕ್ತು," ಎಂದರು ಮೇಷ್ಟ್ರು. ಅದು ತಮ್ಮ ದನಿಯೇ ಎಂದು ಅವರಿಗೆ ನಂಬಿಕೆಯಾಗಲಿಲ್ಲ.

ಡಬ್ಬಿಯಿಂದ ಕೈಗೆ ಬಂದ ಕ್ಯಾಸೆಟ್ಟನ್ನು ತೆಗೆದು ನಾಗಯ್ಯನ ಟೇಪ್ ರೆಕಾರ್ಡರಿಗೆ ಹಾಕಿದರು. ಬೆರಳು ಗುಂಡಿಯ ಮೇಲೆ ಜಾರುತ್ತಿತ್ತು, ಎರಡು ಸಲ ಒತ್ತಬೇಕಾಯಿತು. ಮೊದಲು ಸುಯ್ಯೆನ್ನುವ ಸದ್ದು. ಯಾರೋ ಕೆಮ್ಮಿದರು. ಆಮೇಲೆ ಮನೆಯ ಮೂಲೆಯಲ್ಲಿ ಕೂತು ಪಕ್ಕದವರಿಗಷ್ಟೇ ಹೇಳುವಂಥ ತಗ್ಗಿದ ದನಿ ಬಂತು.

"ಜನ್ನಾಪುರ, ಭದ್ರಾವತಿ. ಎಂಬತ್ತಾರನೇ ಇಸವಿ, ಫೆಬ್ರವರಿ ಒಂಬತ್ತು, ಭಾನುವಾರ. ವಿಶ್ವಾರಾಧ್ಯ ಗವಾಯಿಗಳ ಗಾಯನ. ರೆಕಾರ್ಡ್ ಮಾಡ್ತಿರೋದು ನಾಗಯ್ಯ. ಮೈಕ್ ಹಿಡ್ಕೊಂಡಿರೋದು ನಮ್ಮ ಲಕ್ಷ್ಮೀಕಾಂತ ಮೇಷ್ಟ್ರು. ಅವರಿಲ್ದೆ ನಂಗೆ ಧೈರ್ಯ ಬರಲ್ಲ."

ಹಿಂದೆ ಯಾರೋ ನಕ್ಕರು. ಆ ನಗು ಮೂವತ್ತರ ಹರೆಯದ ತಮ್ಮದೇ ಎಂದು ತಿಳಿಯಲು ಮೇಷ್ಟ್ರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಸ್ಟುಡಿಯೋದಲ್ಲಿ ಕತ್ತರಿಸಿ ಬಿಸಾಡಿಸಿದ್ದರಲ್ಲಿ ಇದೂ ಇತ್ತು. ಅವರು ಬೀದಿಯಲ್ಲಿ ನಿಂತಿದ್ದರು, ಕೇಳಿಸಿಕೊಂಡಿರಲಿಲ್ಲ.

ಟಕ್, ಟಕ್. ಟಕ್.

ತಂಬೂರಿಯ ತಂತಿ ಮಿಡಿಯುವಷ್ಟರಲ್ಲಿ ಸತ್ಯಭಾಮಮ್ಮನ ಬೆರಳು ಅಭ್ಯಾಸಬಲದಿಂದ ಮುಂದೆ ಬಂದು ಗುಂಡಿ ಒತ್ತಿತು. ಗವಾಯಿಗಳ ಹಾಡಿಗೆಂದೇ ಬಂದಿದ್ದ ಇಬ್ಬರೂ ಬೇಡವೆನ್ನಲಿಲ್ಲ. ಮೇಷ್ಟ್ರು ತಲೆ ಎತ್ತಲಿಲ್ಲ. ಗುರುಪ್ರಸಾದರ ತೊಡೆಯ ಮೇಲೆ ಪ್ರೂಫಿನ ಮುಖಪುಟ ಸರಿದ ಸದ್ದು, ಪೆನ್ನಿನ ಕ್ಯಾಪು ತೆಗೆದ ಸದ್ದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು.

"ಇನ್ನೊಂದ್ಸಲ ಹಾಕಿ ಮೇಷ್ಟ್ರೇ," ಎಂದರು ಸತ್ಯಭಾಮಮ್ಮ.

ಟೇಪು ಎಳೆದು ಹರಿದೀತೆಂದು ಮೇಷ್ಟ್ರು ಯಂತ್ರವನ್ನು ನಂಬಲಿಲ್ಲ. ಕ್ಯಾಸೆಟ್ಟನ್ನು ಹೊರಗೆ ತೆಗೆದು, ಗುರುಪ್ರಸಾದರ ಕಡೆ ಕೈ ಚಾಚಿ ಆ ಪೆನ್ನನ್ನು ಇಸಿದುಕೊಂಡು, ಚಕ್ರದ ತೂತಿಗೆ ತೂರಿಸಿ, ಒಂದೊಂದೇ ಹಲ್ಲು, ಹಿಂದಕ್ಕೆ ಸುತ್ತತೊಡಗಿದರು.